17 ಕೋಟಿಯ ಬಿಲ್ಲಿನಲ್ಲಿ ಬೈಗುಳವೂ ಸೇರಿತ್ತಾ?

ಕೈ ಕುಲುಕಿದ, ಮಾತಿಗೆ ನಿಲ್ಲಲಿಲ್ಲ. ಆಗಿದ್ದು ಇಷ್ಟೇ ನೋಡ್ರಿ. 2025ರ ಏಪ್ರಿಲ್ 22, ಲಖನೌದ ಏಕಾನಾ ಸ್ಟೇಡಿಯಂ. ಕೆ.ಎಲ್. ರಾಹುಲ್ ಡೆಲ್ಲಿ ಪರವಾಗಿ 42 ಎಸೆತಕ್ಕೆ ಅಜೇಯ 57 ಹೊಡೆದು, ಸಿಕ್ಸರ್ ಎತ್ತಿ ಪಂದ್ಯ ಮುಗಿಸಿದ್ದ. ಎದುರಾಳಿ ತಂಡ ಲಖನೌ, ಅಂದರೆ ಹಿಂದಿನ ಮೂರು ವರ್ಷ ಅವನೇ ನಾಯಕನಾಗಿದ್ದ ತಂಡ. ಅದೇ ಇನಿಂಗ್ಸ್‌ನಲ್ಲಿ ಐಪಿಎಲ್‌ನ 5000 ರನ್ನನ್ನೂ ದಾಟಿದ, 130 ಇನಿಂಗ್ಸ್‌ನಲ್ಲಿ, ಎಲ್ಲರಿಗಿಂತ ಬೇಗ. ಪಂದ್ಯ ಮುಗಿದ ಮೇಲೆ ತಂಡದ ಮಾಲೀಕ ಸಂಜೀವ್ ಗೋಯೆಂಕಾ ಕೈ ಚಾಚಿದರು, ಏನೋ ಹೇಳಲು ಬಾಯಿ ತೆರೆದರು. ರಾಹುಲ್ ಕೈ ಕೊಟ್ಟ, ಮುಂದೆ ನಡೆದ.

ಮಾರನೇ ದಿನ ನನ್ನ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಮಂದಿ ಕುಣಿದಾಡಿದರು. ಇನ್ನರ್ಧ ಮಂದಿಗೆ ಅದು ‘ಆಟಿಟ್ಯೂಡ್ ಪ್ರಾಬ್ಲಂ’. ಒಬ್ಬ ಬರೆದ: “ವರ್ಷಕ್ಕೆ 17 ಕೋಟಿ ಕೊಟ್ಟೋನು ಒಂದು ಸಲ ಬೈದ್ರೆ ಏನ್ ತಪ್ಪು ಗುರು? ನಮ್ಗೆ 17 ಕೋಟಿ ಕೊಡ್ಲಿ, ದಿನಾ ಬೈಸ್ಕೋತೀನಿ.” ಇದಕ್ಕೆ ಬಿದ್ದ ನಗುವಿನ ಇಮೋಜಿಗಳನ್ನ ಲೆಕ್ಕ ಹಾಕುವುದು ಬಿಟ್ಟೆ. ಈ ಲೇಖನ ಆ ಒಂದು ಸಾಲಿನ ಮೇಲೆ. ಆ ಸಾಲು ತಮಾಷೆಯಲ್ಲ, ನಮ್ಮ ತಲೆಮಾರಿನ ನೌಕರರ ನಂಬಿಕೆ ಅದು. ಆ ನಂಬಿಕೆ ತಪ್ಪು ಅಂತ ನನ್ನ ವಾದ.

ಮೊದಲು ಜಗಳದ ಮೂಲಕ್ಕೆ ಹೋಗೋಣ. 2024ರ ಮೇ 8, ಹೈದರಾಬಾದ್. ಲಖನೌ 20 ಓವರ್ ಆಡಿ 165. ಹೈದರಾಬಾದಿನ ಟ್ರಾವಿಸ್ ಹೆಡ್ 30 ಎಸೆತಕ್ಕೆ 89, ಅಭಿಷೇಕ್ ಶರ್ಮಾ 28 ಎಸೆತಕ್ಕೆ 75. ಒಂದೂ ವಿಕೆಟ್ ಬೀಳದೆ 9.4 ಓವರ್‌ನಲ್ಲಿ ಆಟ ಖಲಾಸ್. ರಾಹುಲ್ ಆವತ್ತು 33 ಎಸೆತ ತಿಂದು 29 ರನ್ ಮಾಡಿದ್ದ. ಅದು ಕೆಟ್ಟ ಇನಿಂಗ್ಸ್. ಟಿ20ಯಲ್ಲಿ ಅವನ ನಿಧಾನಗತಿಯ ಬಗ್ಗೆ ಎಷ್ಟು ಬೇಕಾದರೂ ಟೀಕೆ ಮಾಡಿ, ನಾನೂ ಸೇರಿಕೊಳ್ತೇನೆ. ಅದಕ್ಕೆ ಮೂರು ದಿನ ಮೊದಲಷ್ಟೇ ಕೋಲ್ಕತ್ತಾ ಎದುರು 98 ರನ್ನಿನಿಂದ ಸೋತಿದ್ದರು. ಮಾಲೀಕನಿಗೆ ಹೊಟ್ಟೆ ಉರಿದಿದ್ದರೆ ಅದೂ ಸಹಜವೇ.

ಆದರೆ ಆಮೇಲೆ ಆದದ್ದು ಹೊಟ್ಟೆ ಉರಿಯ ಕತೆಯಲ್ಲ. ಬೌಂಡರಿ ಗೆರೆಯ ಹತ್ತಿರ, ಪೂರ್ತಿ ಲೈಟಿನ ಕೆಳಗೆ, ನೇರಪ್ರಸಾರದ ಕ್ಯಾಮೆರಾಗಳು ತಿರುಗಿಕೊಂಡಿರುವಾಗ ಗೋಯೆಂಕಾ ರಾಹುಲ್ ಎದುರು ನಿಂತು ಕೈ ಬೀಸಿ ಬೀಸಿ ಮಾತಾಡಿದರು. ಏನು ಹೇಳಿದರು ಅಂತ ನಮಗೆ ಯಾರಿಗೂ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಹೋಂವರ್ಕ್ ಮಾಡದ ಹುಡುಗನನ್ನು ಹೆಡ್ಮಾಸ್ತರು ಅಸೆಂಬ್ಲಿಯಲ್ಲಿ ನಿಲ್ಲಿಸಿದಾಗ ಹಿಂದಿನ ಸಾಲಿನವರಿಗೂ ಮಾತು ಕೇಳಿಸುವುದಿಲ್ಲ, ಆದರೂ ಏನು ನಡೀತಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕಾಮೆಂಟರಿಯವರೇ ಇಂಥದ್ದು ಮುಚ್ಚಿದ ಬಾಗಿಲ ಹಿಂದೆ ಆಗಬೇಕು ಅಂದರು. ಡ್ರೆಸ್ಸಿಂಗ್ ರೂಮಿಗೆ ಬಾಗಿಲಿತ್ತು, ಚಿಲಕವೂ ಇತ್ತು. ಅಲ್ಲಿಯವರೆಗೆ ಐವತ್ತು ಹೆಜ್ಜೆ ನಡೆಯುವ ತಾಳ್ಮೆ ಇರಲಿಲ್ಲ ಅಷ್ಟೆ.

ಮುಂದಿನ ಹನ್ನೊಂದು ತಿಂಗಳ ಕತೆ ಕಾರ್ಪೊರೇಟ್ ಹೆಚ್‌ಆರ್ ಕೈಪಿಡಿಯಿಂದ ಇಳಿಸಿದ ಹಾಗಿದೆ. ತಂಡದ ಸಹಾಯಕ ಕೋಚ್ ಲಾನ್ಸ್ ಕ್ಲೂಸ್ನರ್, ಇಬ್ಬರು ಕ್ರಿಕೆಟ್ ಪ್ರೇಮಿಗಳ ನಡುವಿನ ಚರ್ಚೆ ಅದು, ದೊಡ್ಡದು ಮಾಡಬೇಡಿ ಅಂದರು. ಆಮೇಲೆ ದಿಲ್ಲಿಯ ಗೋಯೆಂಕಾ ಮನೆಯಲ್ಲಿ ಊಟ, ಅಪ್ಪುಗೆ, ಅಪ್ಪುಗೆಯ ಫೋಟೋ. ಬೈದದ್ದು ಲೈವ್, ಅಪ್ಪಿಕೊಂಡದ್ದೂ ಪ್ರಚಾರಕ್ಕೆ. ಆಗಸ್ಟಿನಲ್ಲಿ ಜಹೀರ್ ಖಾನ್‌ರನ್ನು ಮೆಂಟರ್ ಅಂತ ಘೋಷಿಸುವ ದಿನ ರಾಹುಲ್ ಬಗ್ಗೆ ಕೇಳಿದರೆ, ಅವನು ನಮ್ಮ ಕುಟುಂಬದವನು ಅನ್ನುವ ಮಾತು ಬಂತು. ಉಳಿಸಿಕೊಳ್ತೀರಾ ಅಂದರೆ ಉತ್ತರ ಬರಲಿಲ್ಲ. ಅಕ್ಟೋಬರ್ 31ಕ್ಕೆ ಉಳಿಸಿಕೊಂಡವರ ಪಟ್ಟಿ ಬಂತು, ಪೂರನ್, ಬಿಷ್ಣೋಯ್, ಮಯಾಂಕ್, ಮೊಹ್ಸಿನ್, ಬದೋನಿ. ಕುಟುಂಬದವನು ಪಟ್ಟಿಯಲ್ಲಿಲ್ಲ. ಅದೇ ಹೊತ್ತಿಗೆ ಗೋಯೆಂಕಾ ಹೇಳಿದ್ದು, ವೈಯಕ್ತಿಕ ಗುರಿಗಿಂತ ತಂಡ ಮುಖ್ಯ ಅನ್ನುವ, ಗೆಲ್ಲುವ ಮನಸ್ಸಿನ ಆಟಗಾರರು ನಮಗೆ ಬೇಕಿತ್ತು ಅಂತ. ಹೆಸರು ಹೇಳಲಿಲ್ಲ. ಎಕ್ಸಿಟ್ ಇಂಟರ್‌ವ್ಯೂ ಮುಗಿಸಿ ಹೊರಗೆ ಹೋದವನ ಬೆನ್ನಿಗೆ ಟೌನ್‌ಹಾಲ್‌ನಲ್ಲಿ ‘ಟೀಂ ಪ್ಲೇಯರ್ಸ್ ಮಾತ್ರ ಉಳೀತಾರೆ’ ಅಂತ ಬಾಣ ಬಿಡುವ ಮ್ಯಾನೇಜರುಗಳನ್ನ ನೀವೂ ನೋಡಿರ್ತೀರಿ.

ರಾಹುಲ್ ಏನಂದ? ಹೊಸದಾಗಿ ಶುರು ಮಾಡಬೇಕಿತ್ತು, ಸ್ವಲ್ಪ ಸ್ವಾತಂತ್ರ್ಯ ಇರುವ, ವಾತಾವರಣ ಹಗುರಾಗಿರುವ ಕಡೆ ಆಡಬೇಕಿತ್ತು ಅಂದ. ಮಾಲೀಕನ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್ಸಿನಲ್ಲಿ ಮೇಷ್ಟ್ರ ಮಗನಾಗಿ ಬೆಳೆದ ಹುಡುಗ. ಹಾಗಾಗಿ ಒಂದು ವರ್ಷ ಬಿಟ್ಟು ಒಂದೇ ಒಂದು ಸಲ ಮಾತಿಗೆ ನಿಲ್ಲದೆ ಮುಂದೆ ನಡೆದದ್ದು ‘ಆಟಿಟ್ಯೂಡ್’ ಅಂತ ಕಂಡರೆ, ನಮ್ಮ ಅಳತೆಗೋಲೇ ಸರಿಯಿಲ್ಲ. ಒಬ್ಬನಿಗೆ ಕ್ಯಾಮೆರಾ ಮುಂದೆ ಬೈಯುವ ಹಕ್ಕು, ಇನ್ನೊಬ್ಬನಿಗೆ ಕ್ಯಾಮೆರಾ ಮುಂದೆ ನಗುವ ಕರ್ತವ್ಯ. ಇದು ಯಾವೂರ ನ್ಯಾಯ?

ಇದು ಒಬ್ಬ ಮನುಷ್ಯನ ಒಂದು ದಿನದ ಸಿಟ್ಟು ಅನ್ನುವವರಿಗೆ 2017 ನೆನಪಿಸಬೇಕು. ಆಗ ಇದೇ ಗೋಯೆಂಕಾ ಪುಣೆ ತಂಡದ ಮಾಲೀಕರು. ಧೋನಿಯನ್ನು ನಾಯಕತ್ವದಿಂದ ಇಳಿಸಿ ಸ್ಟೀವ್ ಸ್ಮಿತ್‌ಗೆ ಕೊಟ್ಟರು. ಇಳಿಸಲಿ, ಅದು ಅವರ ಅಧಿಕಾರ. ತಂಡ ಫೈನಲ್ ತನಕ ಹೋಗಿ ಒಂದು ರನ್ನಿನಿಂದ ಸೋತಿತು ಕೂಡ, ನಿರ್ಧಾರ ತಪ್ಪಿತ್ತು ಅಂತಲೂ ಹೇಳಲಾಗದು. ಆದರೆ ಮೊದಲ ಪಂದ್ಯ ಗೆದ್ದ ಕೂಡಲೇ ಮಾಲೀಕರ ಅಣ್ಣ ಹರ್ಷ್ ಗೋಯೆಂಕಾ, ಕಾಡಿನ ರಾಜ ಯಾರು ಅಂತ ಸ್ಮಿತ್ ತೋರಿಸಿಕೊಟ್ಟ, ಧೋನಿ ಮಂಕಾದ ಅನ್ನುವ ಅರ್ಥದಲ್ಲಿ ಟ್ವೀಟ್ ಮಾಡಿದರು. ತಮ್ಮದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿರುವ ಆಟಗಾರನ ಬಗ್ಗೆ! ಎರಡು ವಿಶ್ವಕಪ್ ಗೆದ್ದ ನಾಯಕನಿಗೇ ಹೀಗಾದರೆ ರಾಹುಲ್ ಯಾವ ಲೆಕ್ಕ.

ಇನ್ನು ರೊಕ್ಕದ ವಿಷಯ. ಗೋಯೆಂಕಾರ ಗುಂಪು ಲಖನೌ ತಂಡಕ್ಕೆ 2021ರಲ್ಲಿ 7,090 ಕೋಟಿ ಕೊಟ್ಟಿತು. ಅಷ್ಟು ಹಾಕಿದವನಿಗೆ ಕೇಳುವ ಹಕ್ಕಿಲ್ಲವಾ ಅಂದರೆ, ಖಂಡಿತ ಇದೆ. ಕೇಳಬಹುದು, ನಾಯಕತ್ವ ಕಿತ್ತುಕೊಳ್ಳಬಹುದು, ಮುಂದಿನ ವರ್ಷ ಬೇಡ ಅನ್ನಬಹುದು. 17 ಕೋಟಿ ಕೊಟ್ಟು ಕೊಂಡದ್ದು ಒಂದು ಸೀಸನ್ನಿನ ಆಟ. ಆ ಬಿಲ್ಲಿನಲ್ಲಿ ಬೇರೆ ಏನೇನು ಸೇರಿದೆ ಅಂತ ಒಮ್ಮೆ ಓದಿ ನೋಡಬೇಕಲ್ಲ.

ನಮ್ಮೂರು ಇಟ್ಟಂಗಿಹಾಳ. ವಿಜಯಪುರದಿಂದ ಬೈಕಿನಲ್ಲಿ ಹೋಗಿಬರುವಷ್ಟು ಹತ್ತಿರ. ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ತೋಟಗಳು ಸಿಗುತ್ತವೆ. ಅಕ್ಟೋಬರ್ ಬಂತೆಂದರೆ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ. ಅದಕ್ಕೆ ಗ್ಯಾಂಗುಗಳು ಬರುತ್ತವೆ. ಯಾವ ಕಣ್ಣು ಬಿಟ್ಟು ಯಾವುದನ್ನ ಕತ್ತರಿಸಬೇಕು ಅನ್ನುವುದು ಕಲಿತ ಕೈಗೆ ಮಾತ್ರ ಗೊತ್ತು. ಕತ್ತರಿ ತಪ್ಪಿದರೆ ಆ ವರ್ಷದ ಫಸಲು ತಪ್ಪಿತು. ಅಂಥ ಗ್ಯಾಂಗಿನವರಿಗೆ ತೋಟದ ಧಣಿ ನಾಲ್ಕು ಮಂದಿ ಎದುರು ಬೈಯೋದಿಲ್ಲ. ಧಣಿ ಒಳ್ಳೆಯವನು ಅಂತಲ್ಲ. ಬೈದರೆ ಗ್ಯಾಂಗು ಕತ್ತರಿ ಜೇಬಿಗೆ ಹಾಕಿಕೊಂಡು ಪಕ್ಕದ ತೋಟಕ್ಕೆ ಹೋಗುತ್ತದೆ, ಚಾಟ್ನಿಯ ದಿನ ದಾಟಿಹೋಗುತ್ತದೆ. “ಸಿಟ್ ಬಂದ್ರ ನುಂಗೂದು, ಚಾಟ್ನಿ ಮುಗದಿಂದ ಉಗಳೂದು” ಅಂತಾರ ನಮ್ಮ ಕಡೆ ಹಿರೇರು, ಅರ್ಧ ನಗ್ತಾ. ಅದೇ ಸೀಮೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಕತೆ ಬೇರೆ. ಅವರು ಮುಕಾದಮನ ಕೈಯಿಂದ ಮೊದಲೇ ಮುಂಗಡ ತಗೊಂಡಿರುತ್ತಾರೆ. ಸೀಸನ್ ಮುಗಿಯುವ ತನಕ ಹೋಗೋ ಹಾಗಿಲ್ಲ. ಅವರಿಗೆ ಬೀಳುವ ಬೈಗುಳ ಬೇರೆಯೇ ಥರ. ಕೈಚಳಕ ಇಬ್ಬರದೂ ದೊಡ್ಡದೇ, ವ್ಯತ್ಯಾಸ ಇರೋದು ಎದ್ದು ಹೋಗುವ ದಾರಿಯಲ್ಲಿ.

ಐಪಿಎಲ್ ಆಟಗಾರ ಇದರಲ್ಲಿ ಯಾರು? 17 ಕೋಟಿ ತಗೊಂಡವನನ್ನ ಕಬ್ಬಿನ ಗ್ಯಾಂಗಿಗೆ ಹೋಲಿಸೋದು ಕಬ್ಬಿನ ಗ್ಯಾಂಗಿಗೆ ಮಾಡುವ ಅವಮಾನ, ಒಪ್ಪಿದೆ. ಆದರೆ ರೊಕ್ಕ ಪಕ್ಕಕ್ಕಿಟ್ಟು ನಿಯಮ ಮಾತ್ರ ನೋಡಿ. ಅವನು ಯಾವ ತಂಡಕ್ಕೆ ಆಡಬೇಕು ಅನ್ನುವುದನ್ನ ಅವನು ಆರಿಸೋದಿಲ್ಲ, ಹರಾಜು ಆರಿಸುತ್ತದೆ. 2024ರ ನವೆಂಬರಿನಲ್ಲಿ ಜೆಡ್ಡಾದ ಹರಾಜಿನಲ್ಲಿ ರಾಹುಲ್ ಹೆಸರು ಬಂದಾಗ ನಮ್ಮ ಬೆಂಗಳೂರು ತಂಡವೂ ಕೈ ಎತ್ತಿ, ಆಮೇಲೆ ಇಳಿಸಿತು. 14 ಕೋಟಿಗೆ ಡೆಲ್ಲಿಯ ಪಾಲಾದ. ಮೆಗಾ ಹರಾಜು ಅದೇ ವರ್ಷ ಬಂದಿತ್ತು ಅನ್ನೋದು ಅವನ ಅದೃಷ್ಟ. ಹರಾಜಿನಲ್ಲಿ ಕೊಂಡ ಮೇಲೆ, ಗಾಯದ ಕಾರಣವಿಲ್ಲದೆ ಬರೋದಿಲ್ಲ ಅಂದರೆ ಎರಡು ಸೀಸನ್ ನಿಷೇಧ. ಇಂಗ್ಲೆಂಡಿನ ಹ್ಯಾರಿ ಬ್ರೂಕ್ 2025ರಲ್ಲಿ ಅದನ್ನ ಅನುಭವಿಸಿದ. ಬ್ರೂಕ್‌ಗಾದರೂ ಬೇರೆ ದೇಶದ ಲೀಗುಗಳಿವೆ. ಭಾರತದ ಆಟಗಾರನಿಗೆ ನಿವೃತ್ತಿಯಾಗುವ ತನಕ ಅದೂ ಇಲ್ಲ, ಬಿಸಿಸಿಐ ಬಿಡೋದಿಲ್ಲ. ದಿನೇಶ್ ಕಾರ್ತಿಕ್ ದಕ್ಷಿಣ ಆಫ್ರಿಕಾದ ಲೀಗ್ ಆಡಿದ್ದು ಇಲ್ಲಿ ಪ್ಯಾಡ್ ಕಳಚಿಟ್ಟ ಮೇಲೆ.

ಇದಕ್ಕಿಂತ ಚೆಂದದ ಉದಾಹರಣೆ ಹಳೆಯದು. 2010ರಲ್ಲಿ ರವೀಂದ್ರ ಜಡೇಜಾ ಇಡೀ ಐಪಿಎಲ್ ಸೀಸನ್ ಆಡಲಿಲ್ಲ. ಗಾಯವಲ್ಲ, ಫಾರ್ಮ್ ಅಲ್ಲ. ರಾಜಸ್ಥಾನದ ಜೊತೆ ಕರಾರು ನವೀಕರಿಸದೆ ಬೇರೆ ತಂಡದ ಜೊತೆ ಮಾತುಕತೆ ನಡೆಸಿದ್ದಕ್ಕೆ ನಿಷೇಧ. ಇನ್ನೊಮ್ಮೆ ಓದಿ. ಇಪ್ಪತ್ತೊಂದು ವರ್ಷದ ಹುಡುಗ ಬೇರೆ ಕಡೆ ಕೆಲಸ ಸಿಗುತ್ತಾ ಅಂತ ಕೇಳಿದ, ಒಂದು ವರ್ಷ ಮನೆಗೆ ಕಳಿಸಿದರು. ನೌಕ್ರಿ ಡಾಟ್ ಕಾಮ್‌ನಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡಿದ್ದಕ್ಕೆ ನಿಮ್ಮನ್ನ ಇಡೀ ಇಂಡಸ್ಟ್ರಿಯಿಂದ ಒಂದು ವರ್ಷ ಹೊರಗಿಟ್ಟರೆ ಹೇಗಿರುತ್ತೆ? ತೊಂಬತ್ತು ದಿನದ ನೋಟಿಸ್ ಪೀರಿಯಡ್ಡಿಗೇ ನಾವು ಎಷ್ಟು ಅತ್ತಿದ್ದೀವಿ.

“ಆದ್ರೂ ಕೋಟಿ ಕೋಟಿ ಸಿಗುತ್ತಲ್ಲ” ಅನ್ನುವವರಿಗೆ ಒಂದು ಸಣ್ಣ ಲೆಕ್ಕ. 2023ರಿಂದ 2027ರವರೆಗೆ ಐಪಿಎಲ್ ಪ್ರಸಾರ ಹಕ್ಕು ಮಾರಿದ್ದು 48,390 ಕೋಟಿಗೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 9,678 ಕೋಟಿ. 2025ರಲ್ಲಿ ಒಂದೊಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ 120 ಕೋಟಿ, ಹತ್ತು ತಂಡಕ್ಕೆ 1,200 ಕೋಟಿ. ಅಂದರೆ ಬರೀ ಟೀವಿ-ಮೊಬೈಲಿನ ನೂರು ರೂಪಾಯಿಯಲ್ಲಿ ಆಟಗಾರರಿಗೆ ಹನ್ನೆರಡೂವರೆಗಿಂತ ಕಡಿಮೆ. ಪಂದ್ಯಕ್ಕೆ 7.5 ಲಕ್ಷದ ಫೀಸು ಸೇರಿಸಿದರೂ ಹದಿನಾಲ್ಕು ದಾಟೋದಿಲ್ಲ. ಟಿಕೆಟ್ಟು, ಜರ್ಸಿ ಮೇಲಿನ ಜಾಹೀರಾತು ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಲೀಗಿನ ಆಟಸಂಬಂಧಿ ಆದಾಯದ ಸುಮಾರು ಅರ್ಧ ಆಟಗಾರರದ್ದು. ಹಾಗಾಗಿ ಇಲ್ಲಿ ಯಾರು ಯಾರಿಗೆ ಅನ್ನ ಹಾಕುತ್ತಿದ್ದಾರೆ ಅನ್ನೋ ಪ್ರಶ್ನೆಗೆ ನನ್ನ ಗ್ರೂಪಿನ ಗೆಳೆಯ ಕೊಟ್ಟ ಉತ್ತರ ತಲೆಕೆಳಗಾಗಿದೆ.

ಎನ್‌ಬಿಎ ಮಾತು ಬಂದದ್ದಕ್ಕೆ ಹೇಳಿಬಿಡ್ತೇನೆ. ಆ ಅರ್ಧ ಪಾಲು ಯಾವ ಮಾಲೀಕನ ಒಳ್ಳೆಯತನದಿಂದಲೂ ಬಂದದ್ದಲ್ಲ. 1954ರಲ್ಲೇ ಆಟಗಾರರು ಸಂಘ ಕಟ್ಟಿದರು. 1964ರ ಜನವರಿಯಲ್ಲಿ ಬೋಸ್ಟನ್‌ನಲ್ಲಿ ಆಲ್‌ಸ್ಟಾರ್ ಪಂದ್ಯ, ರಾಷ್ಟ್ರೀಯ ಟೀವಿಯಲ್ಲಿ ಪ್ರಸಾರ. ಪಿಂಚಣಿಯ ಭರವಸೆ ಕೊಡದಿದ್ದರೆ ಅಂಗಳಕ್ಕೆ ಇಳಿಯೋದಿಲ್ಲ ಅಂತ ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತುಬಿಟ್ಟರು. ಲೇಕರ್ಸ್ ತಂಡದ ಮಾಲೀಕ ಬಾಬ್ ಶಾರ್ಟ್, ಎಲ್ಜಿನ್ ಬೇಲರ್‌ಗೆ ಬಾಗಿಲ ಕಾವಲಿನವನ ಕೈಯಲ್ಲಿ ಧಮಕಿ ಕಳಿಸಿದ, ಈಗಲೇ ಹೊರಗೆ ಬಾ ಅಂತ. ಬೇಲರ್ ಕಳಿಸಿದ ಉತ್ತರ ಇಲ್ಲಿ ಬರೆಯುವ ಹಾಗಿಲ್ಲ. ಬಾಗಿಲು ಮುಚ್ಚಿಯೇ ಇತ್ತು, ಭರವಸೆ ಸಿಕ್ಕಿತು, ಪಂದ್ಯ ನಡೆಯಿತು. 1970ರಲ್ಲಿ ಸಂಘದ ಅಧ್ಯಕ್ಷನಾಗಿದ್ದ ಆಸ್ಕರ್ ರಾಬರ್ಟ್‌ಸನ್ ಲೀಗಿನ ಮೇಲೆ ಕೇಸು ಹಾಕಿದ. ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ ನಿಯಮ ಸಡಿಲವಾಗಲು 1976ರ ರಾಜಿ ಬೇಕಾಯಿತು. ಇವತ್ತು ಎನ್‌ಬಿಎ ಸ್ಟಾರ್‌ಗಳು ಕರಾರು ಮುಗಿದ ಮೇಲೆ ಬೇಕಾದ ಊರಿಗೆ ಹೋಗುತ್ತಾರಲ್ಲ, ಅದರ ಬೇರು ಅಲ್ಲಿದೆ.

ಅಲ್ಲೂ ಎಲ್ಲ ಸರಿಯಿಲ್ಲ. ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಹತ್ತು ವರ್ಷ ಆಡಿದ ಚಾರ್ಲ್ಸ್ ಓಕ್ಲಿಗೂ ಈಗಿನ ಮಾಲೀಕ ಜೇಮ್ಸ್ ಡೋಲನ್‌ಗೂ ವರ್ಷಗಟ್ಟಲೆಯ ಮುನಿಸು. 2017ರ ಫೆಬ್ರವರಿ 8ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಮಾಲೀಕನ ಹಿಂದೆ ಕೆಲವೇ ಸಾಲು ದೂರ ಕೂತಿದ್ದ ಓಕ್ಲಿಯನ್ನ ಸೆಕ್ಯುರಿಟಿಯವರು ಎಳೆದು ಹೊರಹಾಕಿದರು, ಪೊಲೀಸರು ಹಿಡಿದುಕೊಂಡು ಹೋದರು. ಆಮೇಲೆ ಡೋಲನ್ ರೇಡಿಯೋದಲ್ಲಿ ಕೂತು, ಆತನಿಗೆ ಕುಡಿತದ ಸಮಸ್ಯೆ ಇರಬಹುದು ಅನ್ನುವ ಮಾತೂ ಆಡಿದ. ವಾರದೊಳಗೆ ಲೀಗಿನ ಕಮಿಷನರ್ ಆಡಂ ಸಿಲ್ವರ್ ಇಬ್ಬರನ್ನೂ ಕರೆದು ಕೂರಿಸಿದರು, ಮೈಕಲ್ ಜೋರ್ಡನ್ ಫೋನಿನಲ್ಲಿ ಸೇರಿಕೊಂಡ, ಒಳಗೆ ಬರಬಾರದು ಅನ್ನುವ ನಿಷೇಧ ತೆಗೆದರು. ಆದರೂ ಜಗಳ ಮುಗಿಯಲಿಲ್ಲ. ಓಕ್ಲಿ ಕೋರ್ಟಿಗೆ ಹೋದ. ಕೆಳಗಿನ ಕೋರ್ಟು ಎರಡು ಸಲ ಕೇಸು ವಜಾ ಮಾಡಿತು, ಮೇಲ್ಮನವಿ ಕೋರ್ಟು ಎರಡು ಸಲ ಜೀವ ಕೊಟ್ಟಿತು. ವರ್ಷಗಳೇ ಉರುಳಿದವು. ಸಾವಿರಾರು ಜನರ ಎದುರು ಆದ ಅವಮಾನ ಖಾಸಗಿ ಊಟದಿಂದ ತೊಳೆದುಹೋಗೋದಿಲ್ಲ ಅಂತ ಡೋಲನ್‌ಗೂ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ. ಆದರೂ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಲೀಗಿನ ಮುಖ್ಯಸ್ಥ ಮಾಲೀಕನನ್ನೂ ಮೇಜಿನ ಒಂದು ಬದಿಗೆ ಕೂರಿಸಿದ.

ನಮ್ಮಲ್ಲಿ? ಐಪಿಎಲ್‌ನಲ್ಲಿ ನಡತೆ ಸಂಹಿತೆ ಇದೆ, ಬಹಳ ಚುರುಕಾಗಿಯೂ ಇದೆ. ಲಖನೌ ತಂಡದ್ದೇ ದಿಗ್ವೇಶ್ ರಾಠಿ ಅನ್ನೋ ಸ್ಪಿನ್ನರ್, 30 ಲಕ್ಷಕ್ಕೆ ಬಂದ ಹುಡುಗ. 2025ರಲ್ಲಿ ವಿಕೆಟ್ ಬಿದ್ದಾಗ ನೋಟ್‌ಬುಕ್ಕಿನಲ್ಲಿ ಸಹಿ ಮಾಡಿದ ಹಾಗೆ ಕೈ ಆಡಿಸಿದ್ದಕ್ಕೆ ಪಂದ್ಯದ ಫೀಸಿನಲ್ಲಿ ಕಾಲು ಭಾಗ ದಂಡ. ಮತ್ತೆ ಮಾಡಿದ, ಅರ್ಧ ದಂಡ. ಮೇ ತಿಂಗಳಲ್ಲಿ ಅಭಿಷೇಕ್ ಶರ್ಮಾ ಜೊತೆ ಜಟಾಪಟಿಯಾದಾಗ ಒಂದು ಪಂದ್ಯದ ನಿಷೇಧವೂ ಬಂತು. ಬೌಲರನ ಕೈಸನ್ನೆಗೆ ಇಷ್ಟು ನಿಖರವಾದ ದರಪಟ್ಟಿ ಇರುವ ಲೀಗಿನಲ್ಲಿ ಮಾಲೀಕನ ಕೈಸನ್ನೆಗೆ ದಂಡ ಬಿದ್ದದ್ದನ್ನ ನಾನು ಕೇಳಿಲ್ಲ.

ಇಷ್ಟೊತ್ತೂ ಕೋಲ್ಕತ್ತಾದ ಮಾಲೀಕನ ಮೇಲೆ ಹರಿಹಾಯ್ದದ್ದಕ್ಕೆ ಬೆಂಗಳೂರಿನ ಗೆಳೆಯರು ಚಪ್ಪಾಳೆ ತಟ್ಟಿರಬಹುದು. ಚಿನ್ನಸ್ವಾಮಿಯಲ್ಲಿ 2025ರ ಏಪ್ರಿಲ್ 10ರಂದು ರಾಹುಲ್ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು ‘ಕಾಂತಾರ’ ಮಾಡಿದಾಗ ಸೋತವರೂ ನಕ್ಕಿದ್ದರಲ್ಲ, ಆ ಪ್ರೀತಿ ನನಗೂ ಇದೆ. ಈಗ ಚಪ್ಪಾಳೆ ನಿಲ್ಲಿಸಿ, 2008ಕ್ಕೆ ಬನ್ನಿ.

ಮೊದಲ ಐಪಿಎಲ್‌ನ ಮೊದಲ ಪಂದ್ಯ, ಏಪ್ರಿಲ್ 18, ನಮ್ಮದೇ ಅಂಗಳ. ಮೆಕಲಂ ಒಬ್ಬನೇ 158, ನಾವೆಲ್ಲ ಸೇರಿ 82. ಆ ಸೀಸನ್ ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಟೂರ್ನಿ ನಡೆಯುತ್ತಿರುವಾಗಲೇ ವಿಜಯ್ ಮಲ್ಯ ಸಿಇಒ ಚಾರು ಶರ್ಮಾರನ್ನು ಹೊರಗೆ ಕಳಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ತಂಡದ ಆಯ್ಕೆಯಲ್ಲಿ ತಾನು ಕೈ ಹಾಕದೆ ದ್ರಾವಿಡ್ ಮತ್ತು ಶರ್ಮಾರನ್ನು ನಂಬಿದ್ದೇ ತಪ್ಪಾಯಿತು ಅನ್ನುವ ಅರ್ಥದ ಮಾತನ್ನು ಪತ್ರಿಕೆಯವರ ಮುಂದೆ ಹೇಳಿದರು. ಟೂರ್ನಿ ಇನ್ನೂ ಮುಗಿದಿಲ್ಲ, ನಾಯಕ ಮರುದಿನ ಟಾಸಿಗೆ ಹೋಗಬೇಕು, ಮಾಲೀಕ ಪೇಪರಿನಲ್ಲಿ ಅವನ ಮೇಲೆ ತಪ್ಪು ಹೊರಿಸುತ್ತಿದ್ದಾನೆ. ಬೈಸಿಕೊಂಡವನು ಯಾರು? ರಾಹುಲ್ ದ್ರಾವಿಡ್. ಬೇರೆ ಊರಿನಲ್ಲಿ ಅಲ್ಲ, ಬೆಂಗಳೂರಿನಲ್ಲೇ.

ನಾವು ಏನು ಮಾಡಿದ್ವಿ? ಕಿಂಗ್‌ಫಿಷರ್ ಕ್ಯಾಲೆಂಡರ್ ಪುಟ ತಿರುಗಿಸಿದ್ವಿ. ಮರುವರ್ಷ ನಾಯಕತ್ವ ಕೆವಿನ್ ಪೀಟರ್ಸನ್ ಕೈಗೆ ಹೋಯಿತು, ಆಮೇಲೆ ಕುಂಬ್ಳೆ ಫೈನಲ್ ತನಕ ಒಯ್ದ. 2011ರಲ್ಲಿ ದ್ರಾವಿಡ್ ರಾಜಸ್ಥಾನಕ್ಕೆ ಹೋದ. ಜಗಳಕ್ಕೆ ನಿಲ್ಲುವ ಜಾಯಮಾನ ಅವನದ್ದಲ್ಲ. ‘ಜಂಟಲ್‌ಮನ್’ ಅಂತ ಹೊಗಳಿ ನಾವು ಕೈ ತೊಳೆದುಕೊಂಡ್ವಿ. ಸುಮ್ಮನಿದ್ದವನಿಗೆ ಜಂಟಲ್‌ಮನ್ ಅನ್ನೋದು, ಹದಿನೇಳು ವರ್ಷದ ಮೇಲೆ ಇನ್ನೊಬ್ಬ ರಾಹುಲ್ ಮಾತಿಗೆ ನಿಲ್ಲದೆ ನಡೆದರೆ ಆಟಿಟ್ಯೂಡ್ ಅನ್ನೋದು, ಎರಡೂ ಒಂದೇ ಬಾಯಿಂದ ಬರುತ್ತವೆ. ಮಲ್ಯರ ಕತೆ ಆಮೇಲೆ ಯಾವ ದೇಶಕ್ಕೆ ಹೋಯಿತು ಅನ್ನೋದು ಇಲ್ಲಿ ಬೇಡ ಬಿಡಿ.

ಅಭಿಮಾನಿಗಳಿಂದ ಏನಾಗುತ್ತೆ ಅಂತ ಕೇಳಬೇಡಿ. ಕೋಲ್ಕತ್ತಾದವರನ್ನ ಕೇಳಿ. 2020ರಲ್ಲಿ ಇದೇ ಗೋಯೆಂಕಾ ತಮ್ಮ ಎಟಿಕೆ ಫುಟ್‌ಬಾಲ್ ತಂಡವನ್ನು ಮೋಹನ್ ಬಗಾನ್ ಜೊತೆ ಸೇರಿಸಿದರು. ಹೆಸರು ಎಟಿಕೆ ಮೋಹನ್ ಬಗಾನ್. 1889ರ ಕ್ಲಬ್ಬಿನ ತಲೆ ಮೇಲೆ ಮೂರು ಅಕ್ಷರದ ಟೊಪ್ಪಿ. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ, ಮೂರು ವರ್ಷ ಆ ಮೂರು ಅಕ್ಷರದ ಬೆನ್ನು ಬಿದ್ದರು. 2023ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನೇ ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ ಕಪ್ ಎತ್ತಿದ ರಾತ್ರಿ, ಎಟಿಕೆ ತೆಗೀತೀವಿ ಅಂತ ಗೋಯೆಂಕಾ ಘೋಷಿಸಬೇಕಾಯಿತು. (ಬದಲಿಗೆ ‘ಸೂಪರ್ ಜಯಂಟ್’ ಅಂತ ಹಿಂದೆ ಅಂಟಿಸಿದರು ಅನ್ನಿ. ಮಾಲೀಕರು ಮಾಲೀಕರೇ.) ಅಷ್ಟು ದೊಡ್ಡ ಮನುಷ್ಯನೂ ಗ್ಯಾಲರಿಯ ಮಾತು ಕೇಳಿದ್ದಾನೆ, ಗ್ಯಾಲರಿ ಮಾತಾಡಿದಾಗ. ನಾವು ಮೀಮ್ ಮಾಡಿದ್ವಿ.

ಯಾಕೆ ಮೀಮ್ ಮಾಡಿದ್ವಿ ಅನ್ನೋದಕ್ಕೆ ನನ್ನದೊಂದು ಅನುಮಾನವಿದೆ. ಗೋಯೆಂಕಾ ಕೈ ಬೀಸುವ ಆ ವಿಡಿಯೋ ಹಂಚಿದವರಲ್ಲಿ ಮುಕ್ಕಾಲು ಪಾಲು, ‘ಅಪ್ರೈಸಲ್ ಡೇ’ ಅಂತ ಮೇಲೆ ಬರೆದು ಹಂಚಿದರು. ಗುರುತು ಸಿಕ್ಕಿತ್ತು ಎಲ್ಲರಿಗೂ. ನಾನು ಹಿಂದೆ ಇದ್ದ ಒಂದು ಕಂಪನಿ, ಹೆಸರು ಬೇಡ. ಕ್ಲೈಂಟ್ ಮುಂದೆ ಡೆಮೋ ಕೆಟ್ಟಿತು. ಸಂಜೆ ಮೂವತ್ತೆಂಟು ಮಂದಿ ಇದ್ದ ವಿಡಿಯೋ ಕಾಲ್‌ನಲ್ಲಿ ದೊಡ್ಡ ಸಾಹೇಬರು ಒಬ್ಬಳೇ ಹುಡುಗಿಯನ್ನ ಹಿಡಿದುಕೊಂಡು ಇಪ್ಪತ್ತು ನಿಮಿಷ ಅರೆದರು. ಕ್ಯಾಮೆರಾ ಆಫ್ ಮಾಡಬೇಡ ಅಂತ ಬೇರೆ ಹೇಳಿದರು. ಮಾರನೇ ದಿನ ಅದೇ ಸಾಹೇಬರು ಟೀಮಿಗೆಲ್ಲ ಪಿಜ್ಜಾ ಕೊಡಿಸಿ ‘ವಿ ಆರ್ ಎ ಫ್ಯಾಮಿಲಿ’ ಅಂದರು. ಆ ಹುಡುಗಿ ಪಿಜ್ಜಾ ತಿನ್ನಲಿಲ್ಲ. ‘ಓವರ್ ಸೆನ್ಸಿಟಿವ್’ ಅಂತ ಅವಳ ರೇಟಿಂಗಿನಲ್ಲಿ ಬಂತು. ಆರು ತಿಂಗಳಲ್ಲಿ ಬೇರೆ ಕಡೆ ಕೆಲಸ ಹಿಡಿದಳು. ಅವಳಿಗೆ ಹರಾಜಿರಲಿಲ್ಲ, ಹಾಗಾಗಿ ಹೋದಳು.

ಮಾಲೀಕರಿಲ್ಲದಿದ್ದರೆ ಈ ರೊಕ್ಕವೇ ಇರುತ್ತಿರಲಿಲ್ಲ ಅನ್ನುವ ಮಾತಿನಲ್ಲಿ ಹುರುಳಿದೆ, ಅದನ್ನ ನಾನು ತಳ್ಳಿಹಾಕೋದಿಲ್ಲ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇದಕ್ಕೆ ಸಾಕ್ಷಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 15 ರನ್ನಿಗೆ 5 ವಿಕೆಟ್ ತೆಗೆದು ಅವರನ್ನ 79ಕ್ಕೆ ಉದುರಿಸಿದಾಗ ಹೆಣ್ಣುಮಕ್ಕಳ ಲೀಗ್ ಅನ್ನುವುದೇ ಇರಲಿಲ್ಲ. 2023ರಲ್ಲಿ ಅದು ಶುರುವಾಗಿ ಯುಪಿ ತಂಡ ಅವಳನ್ನ 40 ಲಕ್ಷಕ್ಕೆ ಕೊಂಡಿತು. ಆರು ವರ್ಷ ಮೊದಲೇ ಬರಬೇಕಿತ್ತು. ಮಾಲೀಕರು ಬರಲಿ, ಇನ್ನೂ ಹತ್ತು ಮಂದಿ ಬರಲಿ. ಆದರೆ ಅದೇ ರಾಜೇಶ್ವರಿಯ ಇನ್ನೊಂದು ಕತೆ ನಮ್ಮ ಜಿಲ್ಲೆಯವರಿಗೆ ನೆನಪಿರಬೇಕು. ವಿಶ್ವಕಪ್ ಮುಗಿಸಿ ಬಂದಾಗ ಆಗ ಸಚಿವರಾಗಿದ್ದ ಎಂ.ಬಿ. ಪಾಟೀಲರು ಕಾರು ಉಡುಗೊರೆ ಕೊಡಲು ಮುಂದಾದರು. ಅವಳು ಕಾರು ಬೇಡ, ಮನೆ ಬೇಕು ಅಂದಳು. ತಂದೆ ಇಲ್ಲದ ಕುಟುಂಬ ನಡೆಸುತ್ತಿದ್ದವಳು, ತನಗೆ ಏನು ಬೇಕು ಅಂತ ಕೊಡುವವರ ಎದುರೇ ನೆಟ್ಟಗೆ ಹೇಳಿದಳು. ಆವಾಗಲೂ ಕೆಲವರು ‘ಎಷ್ಟ್ ಸೊಕ್ಕ ನೋಡ್’ ಅಂದಿದ್ದರು. ಕೊಟ್ಟದ್ದು ತಗೊಂಡು ಹಲ್ಲು ಕಿರಿದು ಫೋಟೋಕ್ಕೆ ನಿಲ್ಲಬೇಕು ಅನ್ನೋದು ಕಾರಿಗೂ ಅನ್ವಯ, 17 ಕೋಟಿಗೂ ಅನ್ವಯ, ನಮ್ಮ ಇನ್‌ಕ್ರಿಮೆಂಟ್ ಲೆಟರಿಗೂ ಅನ್ವಯ.

ಹಾಗಾದರೆ ಬೇಕಾದದ್ದೇನು? ರಾಹುಲ್‌ಗೆ ನಮ್ಮ ಕನಿಕರ ಬೇಡ. ಅವನಿಗೆ 2025ರಲ್ಲಿ ಡೆಲ್ಲಿಯಲ್ಲಿ 539 ರನ್ ಬಂದವು, ಒಂದು ಶತಕವೂ ಬಂತು. 27 ಕೋಟಿ ಕೊಟ್ಟು ರಿಷಬ್ ಪಂತ್‌ನನ್ನು ನಾಯಕ ಮಾಡಿದ ಲಖನೌ ಹಿಂದಿನ ವರ್ಷದ ಹಾಗೇ ಏಳನೇ ಸ್ಥಾನದಲ್ಲಿ ಮುಗಿಸಿತು. ಬೈಗುಳಕ್ಕೂ ಪಾಯಿಂಟ್ಸ್ ಟೇಬಲ್ಲಿಗೂ ಸಂಬಂಧ ಇರಲಿಲ್ಲ ಅಂತಾಯಿತು. ಬೇಕಾದದ್ದು ಆಟಗಾರರ ಸಂಘ. ನಮ್ಮಲ್ಲಿ ಸಂಘವೇ ಇಲ್ಲ ಅಂತಲ್ಲ, ಲೋಧಾ ಸಮಿತಿಯ ಸುಧಾರಣೆಗಳಿಂದಾಗಿ 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿದೆ. ಅದು ನಿವೃತ್ತರದ್ದು. ಆಡುತ್ತಿರುವವರು ಅದರೊಳಗಿಲ್ಲ. ಬ್ಯಾಟು ಕೆಳಗಿಟ್ಟ ಮೇಲೆ ಮಾತ್ರ ಬಾಯಿ ತೆರೆಯುವ ಅನುಮತಿ. ಆಡುವವರ ಸಂಘ ಇದ್ದರೆ ಕರಾರಿನಲ್ಲಿ ಒಂದು ಸಾಲು ಸೇರಿಸುವುದು ಏನು ಮಹಾ ಕೆಲಸ: ಪಂದ್ಯ ಮುಗಿದು ಆಟಗಾರರು ಡ್ರೆಸ್ಸಿಂಗ್ ರೂಮ್ ಸೇರುವ ತನಕ ಮಾಲೀಕರು ಬೌಂಡರಿ ಗೆರೆಯ ಒಳಗೆ ಬರಬಾರದು, ಬಂದರೆ ತಂಡಕ್ಕೆ ದಂಡ. ಬೌಲರ್ ಗೆರೆ ದಾಟಿದರೆ ನೋಬಾಲ್ ಕೊಡ್ತೀವಿ, ಇದಕ್ಕೂ ಒಂದು ಕೊಟ್ಟರಾಯಿತು.

ಇದನ್ನ ನಾನು ಕೇಳ್ತಿರೋದು ರಾಹುಲ್‌ಗೋಸ್ಕರ ಅಲ್ಲ. ಅವನಿಗೆ ಹೋಗಲು ಜೆಡ್ಡಾ ಇತ್ತು, 14 ಕೋಟಿ ಇತ್ತು, ಇಂಡಿಯಾ ಕ್ಯಾಪಿತ್ತು. 30 ಲಕ್ಷದ ಮೂಲಬೆಲೆಗೆ ಬಂದು, ಎಂಟು ಪಂದ್ಯ ಬೆಂಚು ಕಾಯ್ದು, ಒಂಬತ್ತನೆಯದರಲ್ಲಿ ಎರಡು ಕ್ಯಾಚ್ ಬಿಟ್ಟ ಹುಡುಗನನ್ನ ಹೋಟೆಲಿನ ಲಾಬಿಯಲ್ಲಿ ನಿಲ್ಲಿಸಿ ಇದೇ ಕೈ ಬೀಸಿದರೆ, ಅಲ್ಲಿ ನೇರಪ್ರಸಾರದ ಕ್ಯಾಮೆರಾ ಇರೋದಿಲ್ಲ, ಕಾಮೆಂಟರಿಯವರು ಇರೋದಿಲ್ಲ. ನಮ್ಮ ವಾಟ್ಸಾಪ್ ಗ್ರೂಪಿಗೆ ಅದರ ವಿಡಿಯೋನೂ ಬರೋದಿಲ್ಲ.